ದೀಪಕ್ಕೆ ಮರೆಯಾದ ಕೈ

ಹೋದ ತಿಂಗಳು ದಾವಣಗೆರೆಯ ವಾಚಕರೊಬ್ಬರಿಂದ ನಮಗೊಂದು ಕಾಗದ ಬಂದಿತು. ಅವರ ನಡುಮನೆಯ ಗೋಡೆಯ ಮೇಲೆ ಮೈಸೂರಿನಿಂದ ಕೊಂಡು ತಂದ ಚಿತ್ರವೊಂದರ ಅಚ್ಚಿನ ಪ್ರತಿ ತೂಗುತ್ತಿರುವುದಂತೆ. ಸ್ತ್ರೀಯೊಬ್ಬಳು ಕತ್ತಲಲ್ಲಿ ದೀಪವನ್ನು ಹಿಡಿದು ನಿಂತಿರುವ ಆ ಚಿತ್ರವನ್ನು ನಮ್ಮ ವಾಚಕರಲ್ಲಿ ಕಾಣದವರು ವಿರಳ. ಕ್ಯಾಲೆಂಡರಿನಲ್ಲಿ, ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಕಾರ್ಡುಗಳಲ್ಲಿ, ಛತ್ರದ ಹಜಾರದಲ್ಲಿ ಅದು ನಮ್ಮ ನಾಡಿನ ಉದ್ದಗಲಕ್ಕೂ ಹರಡಿರುವುದು. “ರವಿವರ್ಮರ ಈ ಚಿತ್ರದಲ್ಲಿರುವ ಸ್ತ್ರೀ ಯಾರು? ಯಾರ ದಾರಿಯನ್ನು ಕಾಯುತ್ತಿರುವಳು? ಇದಕ್ಕೆ ಪುರಾಣದ ಆಧಾರವೇನಾದರೂ ಉಂಟೆ? ಸಂಸ್ಕೃತ ಬಲ್ಲ ತಾವು ತಿಳಿಸಿಕೊಡಬೇಕು” ಎಂದು ಅವರ ಬಿನ್ನಹ.

ಕಾಗದವನ್ನೋದಿ ನಮಗೆ ಮೊದಲು ನಗೆ ಬಂದಿತು, ಹಿಂದೆಯೇ ನಾಚಿಕೆಯಾಯಿತು. ನಗೆ ಬಂದುದೇಕೆಂದರೆ ಪ್ರಶ್ನೆಯಲ್ಲಿಯೇ ಚಿತ್ರಕಾರರ ಹೆಸರು ತಪ್ಪಿದೆ. ನಾಚಿಕೆಯಾದುದೇಕೆಂದರೆ ಅದೇ ತಪ್ಪನ್ನು ನಾವು ಶಾಲೆಯ ಮಕ್ಕಳಿಗೆ ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ಬೋಧಿಸಿದ್ದೇವೆ. ಆದಕಾರಣ ಈ ತಿಂಗಳ ಬರೆಹವು ಅರ್ಧ ಉತ್ತರ, ಅರ್ಧ ತಪ್ಪೊಪ್ಪಿಗೆ. ವಾಚಕರು ಎರಡನ್ನೂ ಸೈರಿಸಬೇಕೆಂದು ಕೇಳಿಕೊಳ್ಳುತ್ತೇವೆ.

ಚಿತ್ರವಿರುವ ಸ್ಥಳವನ್ನು ಮೊದಲು ನೆನೆಯೋಣ. ಮೈಸೂರಿನ ಜಗನ್ಮೋಹನ ಅರಮನೆಯು 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದುದು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದಾಗ ರಾಜಪರಿವಾರಕ್ಕೆ ಆಶ್ರಯವಾದುದೂ, 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ಪ್ರದಾನವಾದುದೂ ಇಲ್ಲಿಯೇ. 1915ರಲ್ಲಿ ಇದು ಚಿತ್ರಶಾಲೆಯಾಯಿತು. 1955ರಿಂದ ಅದಕ್ಕೆ ಜಯಚಾಮರಾಜೇಂದ್ರರ ಹೆಸರು. ಅಲ್ಲಿ ರವಿವರ್ಮರ ತೈಲಚಿತ್ರಗಳು ಅನೇಕವಿರುವುವು. ನಾವು ಹೇಳುತ್ತಿರುವ ತಪ್ಪಿಗೆ ಬೀಜವಿರುವುದು ಈ ನೆರೆಹೊರೆಯಲ್ಲಿಯೇ. ದೊಡ್ಡ ಹೆಸರಿನ ನೆರಳು ಪಕ್ಕದ ಗೋಡೆಯ ಮೇಲೂ ಬಿದ್ದಿತು.

ಇನ್ನು ಚಿತ್ರ. ನಿಂತಿರುವ ಒಬ್ಬ ಸ್ತ್ರೀ. ಸುತ್ತಲೂ ಕತ್ತಲು. ಒಂದು ಕೈಯಲ್ಲಿ ದೀಪ. ಇನ್ನೊಂದು ಕೈ ಆ ದೀಪಕ್ಕೆ ಮರೆ. ಬೆಳಕು ಕೆಳಗಿನಿಂದ ಏರಿ ಎದೆಯ ಮೇಲಿನ ಸೆರಗನ್ನು ಮುಟ್ಟಿ, ಕೊರಳನ್ನು ಬೆಳಗಿ, ಮುಖದ ಮೇಲೆ ನಿಂತಿದೆ. ಸೀರೆಯ ನೆರಿಗೆಗಳು ಕೆಳಗಿಳಿದಂತೆಲ್ಲ ಮಬ್ಬಿನಲ್ಲಿ ಕರಗುತ್ತವೆ. ಅವಳ ದೃಷ್ಟಿ ನಮ್ಮ ಮೇಲಿಲ್ಲ, ಕೈಯ ದೀಪದ ಮೇಲೆಯೂ ಇಲ್ಲ. ಮುಖದಲ್ಲಿ ನಗೆಯೆಂದು ಹೇಳುವಂತಹ ನಗೆಯಿಲ್ಲ, ದುಃಖವೆಂದು ಹೇಳುವಂತಹ ದುಃಖವೂ ಇಲ್ಲ. ಇಷ್ಟೇ ಚಿತ್ರ. ಪಕ್ಕದಲ್ಲಿ ನಳನಿಲ್ಲ, ಹಂಸವಿಲ್ಲ. ಕಥೆಯನ್ನು ಊಹಿಸಲು ಒಂದು ಕಂಬವಾಗಲಿ ಬಾಗಿಲಾಗಲಿ ಇಲ್ಲ. ಆದರೂ ಅದರ ಮುಂದೆ ಬಂದವರು ಬೇಗನೆ ಕಾಲು ಕೀಳುವುದಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ನಮ್ಮ ತಂದೆಯವರ ಕೈ ಹಿಡಿದು ಹೋಗಿದ್ದಾಗ ನಾವೂ ಹಾಗೆಯೇ ನಿಂತೆವು. ಚಿತ್ರದ ಹಿಂದೆ ವಿದ್ಯುದ್ದೀಪವನ್ನು ಬಚ್ಚಿಟ್ಟಿರುವರೆಂದು ನಮ್ಮ ದೃಢವಾದ ನಂಬಿಕೆ. ಗೋಡೆಯ ಕಡೆಗೆ ಬಗ್ಗಿ ನೋಡಿ ತಂದೆಯವರಿಂದ ಗದರಿಸಿಕೊಂಡುದು ಇಂದಿಗೂ ನೆನಪಿದೆ. ಆಗ ಪಕ್ಕದಲ್ಲಿದ್ದ ಯಾರೋ ಯಾತ್ರಿಕರು “ರವಿವರ್ಮನದಲ್ಲವೆ, ಕೇಳಬೇಕೆ!” ಎಂದರು. ಆ ಮಾತು ನಮ್ಮ ಕಿವಿಯಲ್ಲಿ ಬೇರೂರಿತು.

ನಾವು ಉಪಾಧ್ಯಾಯರಾದ ಮೇಲೆ ವರ್ಷಕ್ಕೊಮ್ಮೆ ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋಗುವ ಭಾರ ನಮ್ಮ ಪಾಲಿಗೆ ಬಂದಿತು. ಆ ಕೋಣೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಇದು ರಾಜಾ ರವಿವರ್ಮರ ತೈಲಚಿತ್ರವೆಂದೂ, ಎಂಟು ಬಗೆಯ ನಾಯಿಕೆಯರಲ್ಲಿ ಇವಳು ವಾಸಕಸಜ್ಜಿಕೆಯೆಂದೂ, ಪತಿಯ ಆಗಮನವನ್ನು ನಿರೀಕ್ಷಿಸುತ್ತಿರುವಳೆಂದೂ ಪ್ರವಚನ ಮಾಡುತ್ತಿದ್ದೆವು. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಉಪಾಧ್ಯಾಯನಿಗೆ ಇದಕ್ಕಿಂತ ಅಪಾಯಕರವಾದ ಸುಖ ಇನ್ನೊಂದಿಲ್ಲ.

1996ನೆಯ ಇಸವಿಯ ಪ್ರವಾಸದಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು ಚಿತ್ರವನ್ನು ಓರೆಯಾಗಿ ನೋಡುತ್ತಿದ್ದಳು. ನಮ್ಮ ಪ್ರವಚನ ಮುಗಿಯುವುದರೊಳಗೆ ಮೆಲ್ಲನೆ ಹೇಳಿದಳು: “ಸಾರ್, ಇದು ಎಣ್ಣೆ ಬಣ್ಣ ಅಲ್ಲ ಅನ್ನಿಸುತ್ತೆ. ಆಚೆ ಕೋಣೇಲಿ ನೋಡಿದ್ದರಲ್ಲಿ ಬಣ್ಣ ದಪ್ಪಗೆ ಹೊಳೀತಿತ್ತು. ಇದರಲ್ಲಿ ಹಾಗಿಲ್ಲ. ನೀರು ಬಣ್ಣ ಇರಬೇಕು ಸಾರ್.”

ನಾವು ಏನೆಂದೆವು? “ದೊಡ್ಡವರು ಹೇಳುತ್ತಿರುವಾಗ ನಡುವೆ ಬಾಯಿ ಹಾಕಬಾರದು. ರವಿವರ್ಮರ ಚಿತ್ರಗಳು ತೈಲವರ್ಣದವು, ತಿಳಿಯಿತೆ?” ಎಂದೆವು. ಉಳಿದ ಮಕ್ಕಳು ನಕ್ಕರು. ಹುಡುಗಿ ಸಾಲಿಗೆ ಹಿಂತಿರುಗಿದಳು. ಮತ್ತೆ ಆ ವರ್ಷವೆಲ್ಲ ಅವಳು ನಮ್ಮ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದನ್ನು ನಾವು ಆಗ ವಿನಯವೆಂದು ಎಣಿಸಿದೆವು.

ತರ್ಕಶಾಸ್ತ್ರವನ್ನು ಓದಿದವರು ಈ ಸಂಭಾಷಣೆಯನ್ನು ಇನ್ನೊಮ್ಮೆ ನೋಡಬೇಕು. ಇದು ತೈಲವರ್ಣವಲ್ಲವೆಂಬ ಹೇತುವನ್ನು ಹುಡುಗಿ ಕೊಟ್ಟಳು. ಅದು ಅವಳು ಕಣ್ಣಾರೆ ಕಂಡುದು, ಪ್ರತ್ಯಕ್ಷ. ರವಿವರ್ಮರವು ತೈಲವರ್ಣದವು ಎಂಬ ವ್ಯಾಪ್ತಿಯನ್ನು ನಾವೇ ಬಾಯಾರೆ ಹೇಳಿದೆವು. ಎರಡನ್ನೂ ಕೂಡಿಸಿದರೆ, ಆದ್ದರಿಂದ ಇದು ರವಿವರ್ಮರದಲ್ಲ ಎಂಬ ನಿಗಮನ ತಾನಾಗಿ ಹೊರಡಬೇಕು. ಅನುಮಾನ ಪ್ರಮಾಣವನ್ನು ತಿಂಗಳುಗಟ್ಟಲೆ ಪಾಠ ಹೇಳಿದ ನಾವು ಕಣ್ಣಮುಂದೆ ಸಿದ್ಧವಾಗಿದ್ದ ಅನುಮಾನವನ್ನು ಕಾಣಲಿಲ್ಲ. ಎಂದೋ ಕಿವಿಗೆ ಬಿದ್ದ ಯಾತ್ರಿಕರ ಮಾತನ್ನು ಆಪ್ತವಾಕ್ಯವೆಂದು ಹಿಡಿದಿದ್ದೆವು. ವಸ್ತುವನ್ನು ಇದ್ದಂತೆ ಬಲ್ಲವನೂ, ಬಲ್ಲಂತೆ ಹೇಳುವವನೂ ಆಪ್ತನೆಂದು ಶಾಸ್ತ್ರ. ಆ ಯಾತ್ರಿಕರಿಗೂ ಯಾರೋ ಹೇಳಿರಬೇಕು, ಅವರಿಗೂ ಇನ್ನಾರೋ. ಅಂಧಪರಂಪರಾ ನ್ಯಾಯವೆಂದರೆ ಇದೇ. ಆ ಸಾಲಿನಲ್ಲಿ ಕಣ್ಣಿದ್ದ ಒಬ್ಬಳನ್ನು ನಾವು ಸುಮ್ಮನಿರಿಸಿದೆವು.

ನಮ್ಮ ಕಣ್ಣು ತೆರೆದುದು ನಿವೃತ್ತಿಯಾದ ಮೇಲೆ. ನಮ್ಮೊಡನೆಯೇ ಕೆಲಸಮಾಡಿ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು ಒಂದು ಸಂಜೆ ನಮ್ಮ ಮನೆಗೆ ಬಂದಿದ್ದರು. ಗೋಡೆಯ ಮೇಲಿನ ಪ್ರತಿಯನ್ನು ತೋರಿಸಿ ನಾವು ಎಂದಿನಂತೆ ರವಿವರ್ಮರನ್ನು ಹೊಗಳಿದೆವು. ಅವರು ಕಾಫಿಯ ಲೋಟವನ್ನು ಕೆಳಗಿಟ್ಟು, “ಪಂಡಿತರೇ, ಇಷ್ಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತಿದ್ದೆವು, ಒಂದು ದಿನ ನನ್ನನ್ನು ಕೇಳಬಾರದಿತ್ತೆ? ಇದು ಹಳದಣಕರರ ಚಿತ್ರ. ಜಲವರ್ಣದ್ದು” ಎಂದರು. ನಮ್ಮ ಕಿವಿಯಲ್ಲಿ ಆ ಹುಡುಗಿಯ ಧ್ವನಿ ಕೇಳಿಸಿತು.

ಸಾವಳಾರಾಮ ಲಕ್ಷ್ಮಣ ಹಳದಣಕರರು ಹುಟ್ಟಿದುದು 1882ರಲ್ಲಿ, ಸಾವಂತವಾಡಿಯಲ್ಲಿ. ಬೆಳಗಾವಿಯ ಕಡೆಯಿಂದ ಅಂಬೋಲಿಯ ಘಟ್ಟವನ್ನಿಳಿದರೆ ಸಿಕ್ಕುವ ಊರು ಅದು. ನಮ್ಮ ಪತ್ರಿಕೆಗಳಲ್ಲಿ ಅವರ ಹೆಸರನ್ನು ಹಲ್ದಂಕರ್ ಎಂದೂ ಬರೆಯುವುದುಂಟು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಅಭ್ಯಾಸ ಮಾಡಿ, 1908ರಲ್ಲಿ ಅದೇ ನಗರದಲ್ಲಿ ತಮ್ಮದೇ ಒಂದು ಚಿತ್ರಕಲಾ ಸಂಸ್ಥೆಯನ್ನು ತೆರೆದರು. 1918ರಲ್ಲಿ ಆರ್ಟ್ ಸೊಸೈಟಿ ಆಫ್ ಇಂಡಿಯಾ ಸ್ಥಾಪನೆಯಾದಾಗ ಅದರ ಸ್ಥಾಪಕರಲ್ಲಿ ಒಬ್ಬರಾಗಿದ್ದರು. 1968ರಲ್ಲಿ ತೀರಿಕೊಂಡರು. ವ್ಯಕ್ತಿಚಿತ್ರದಲ್ಲಿಯೂ ಜಲವರ್ಣದಲ್ಲಿಯೂ ಅವರದು ಪಳಗಿದ ಕೈ. ಮೈಸೂರಿನ ಈ ಚಿತ್ರಕ್ಕೆ ಇಂಗ್ಲಿಷಿನಲ್ಲಿ ‘ಗ್ಲೋ ಆಫ್ ಹೋಪ್’ ಎಂದು ಹೆಸರು. ನಮ್ಮ ಮಾತಿನಲ್ಲಿ ‘ಆಶಾಜ್ಯೋತಿ’ ಎನ್ನಬಹುದು. ಜನರು ‘ದೀಪ ಹಿಡಿದ ಹೆಂಗಸು’ ಎಂದೇ ಕರೆಯುತ್ತ ಬಂದಿರುವರು.

“ಜಲವರ್ಣವಾದರೇನು, ತೈಲವರ್ಣವಾದರೇನು? ಚಿತ್ರ ಚಿತ್ರವೇ ಅಲ್ಲವೆ?” ಎಂದು ನಾವು ಸೋಲನ್ನು ಮುಚ್ಚಿಕೊಳ್ಳಲು ಕೇಳಿದೆವು. ಮೇಷ್ಟ್ರು ಬಾಯಿಂದ ಉತ್ತರ ಹೇಳಲಿಲ್ಲ. ನಮ್ಮ ಮೊಮ್ಮಗಳ ಬಣ್ಣದ ಡಬ್ಬಿಯನ್ನೂ ಒಂದು ಬಟ್ಟಲು ನೀರನ್ನೂ ದಪ್ಪ ಕಾಗದವನ್ನೂ ತರಿಸಿದರು. ಕಾಗದದ ನಡುವೆ ಭತ್ತದ ಕಾಳಿನಷ್ಟು ಜಾಗವನ್ನು ಬಿಟ್ಟು, ಅದರ ಸುತ್ತ ತೆಳ್ಳಗೆ ಹಳದಿಯನ್ನು ಹರಿಸಿದರು. ಅದು ಆರಿದ ಮೇಲೆ ಹಳದಿಯ ಹೊರಗೆ ಕಾವಿಯನ್ನು, ಕಾವಿಯ ಹೊರಗೆ ಕಂದನ್ನು, ಅದರ ಹೊರಗೆ ಕಪ್ಪಿಗೆ ಸಮೀಪವಾದ ನೀಲಿಯನ್ನು ತೊಳೆತೊಳೆಯಾಗಿ ಕೊಟ್ಟರು. ಅರ್ಧ ಗಂಟೆಯಲ್ಲಿ ಕಾಗದದ ನಡುವೆ ದೀಪದ ಕುಡಿಯೊಂದು ಬೆಳಗುತ್ತಿತ್ತು. “ಬಿಳಿಯ ಬಣ್ಣವನ್ನು ಯಾವಾಗ ಹಾಕಿದಿರಿ?” ಎಂದು ನಾವು ಕೇಳಿದೆವು. “ಹಾಕಲೇ ಇಲ್ಲ. ಆ ಜಾಗವನ್ನು ನಾನು ಮುಟ್ಟಲೇ ಇಲ್ಲ” ಎಂದರು.

ವಾಚಕರೆ, ಈ ಮಾತಿನ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡೋಣ. ತೈಲವರ್ಣದಲ್ಲಿ ಬಣ್ಣದ ಪುಡಿಯನ್ನು ಅಗಸೆಯ ಎಣ್ಣೆಯಂತಹ ಒಣಗುವ ಎಣ್ಣೆಯಲ್ಲಿ ಅರೆದಿರುವರು. ಅದು ಮಂದವಾಗಿ ಕೂಡುವುದು, ನಿಧಾನವಾಗಿ ಒಣಗುವುದು. ಕಪ್ಪಿನ ಮೇಲೆ ಬಿಳಿಯನ್ನು ಇಡಬಹುದು; ತಪ್ಪಿದರೆ ಕೆರೆದು ತೆಗೆಯಬಹುದು, ಮೇಲೆ ಬಳಿದು ಮುಚ್ಚಬಹುದು. ಚಿತ್ರಕಾರನು ಕತ್ತಲನ್ನು ಮೊದಲು ಮಾಡಿಕೊಂಡು ಕಡೆಯಲ್ಲಿ ಅದರ ಮೇಲೆ ಬೆಳಕನ್ನು ಹಚ್ಚುವನು. ಜಲವರ್ಣದ ಕ್ರಮ ಇದಕ್ಕೆ ವಿಪರೀತ. ಅಲ್ಲಿ ಪುಡಿಗೆ ಅಂಟಾಗಿರುವುದು ಗೋಂದು, ಹರಿಯುವಂತೆ ಮಾಡುವುದು ನೀರು. ಬಣ್ಣವು ತೆಳುವಾದ ಪೊರೆಯಂತೆ ಕಾಗದದ ಮೇಲೆ ನಿಲ್ಲುವುದು. ಬೆಳಕು ಆ ಪೊರೆಯನ್ನು ಹಾಯ್ದು ಕೆಳಗಿನ ಬಿಳಿಯ ಕಾಗದವನ್ನು ಮುಟ್ಟಿ, ಮತ್ತೆ ಅದೇ ಪೊರೆಯ ಮೂಲಕ ನಮ್ಮ ಕಣ್ಣಿಗೆ ಹಿಂತಿರುಗುವುದು. ತಿಳಿಬಣ್ಣ ಮೊದಲು, ಗಾಢವಾದುದು ಅನಂತರ. ಶುದ್ಧವಾದ ಪದ್ಧತಿಯಲ್ಲಿ ಬಿಳುಪೆಂದರೆ ಕಾಗದವೇ. ಎಲ್ಲಿ ಬೆಳಕು ಬೇಕೋ ಅಲ್ಲಿ ಚಿತ್ರಕಾರನು ಕೈ ಇಡಬಾರದು. ಒಮ್ಮೆ ಅಲ್ಲಿ ಕಪ್ಪು ತಗುಲಿತೆಂದರೆ ಒರೆಸಿದರೂ ಕಲೆ ಉಳಿಯುವುದು. ಮೊದಲಿನ ಬೆಳಕು ಹಿಂತಿರುಗುವುದು ದುರ್ಲಭ.

ನಮ್ಮವರೇ ಆದ ಕೆ. ವೆಂಕಟಪ್ಪನವರ ಉದಕಮಂಡಲದ ಜಲವರ್ಣಗಳನ್ನು ಬೆಂಗಳೂರಿನಲ್ಲಿ ಕಂಡವರಿಗೆ ಈ ಸಂಯಮದ ಪರಿಚಯ ಉಂಟು. ಅಲ್ಲಿ ಮಂಜು, ಮಲೆ, ಮುಗಿಲು. ಇವು ನೀರಿಗೆ ನೆಂಟರು. ನೀರುಬಣ್ಣಕ್ಕೆ ಹೇಳಿಮಾಡಿಸಿದ ವಸ್ತುಗಳು. ಆದರೆ ಕಗ್ಗತ್ತಲನ್ನೂ ಅದರ ನಡುವಿನ ದೀಪವನ್ನೂ ಜಲವರ್ಣದಲ್ಲಿ ಬರೆಯುವುದು ಮೊಣಕಾಲುದ್ದ ಕೆಸರಿನಲ್ಲಿ ಬಿಳಿಯ ಪಂಚೆಯುಟ್ಟು ನಡೆದಂತೆ. ಸುತ್ತಲೂ ಗಾಢವಾದ ಬಣ್ಣಗಳನ್ನು ಪದರ ಪದರವಾಗಿ ಕೊಡುತ್ತ, ನಡುವಿನ ಮುಖಕ್ಕೂ ಬೆರಳುಗಳಿಗೂ ಒಂದು ತೊಟ್ಟು ಸಿಡಿಯದಂತೆ ಕಾಯಬೇಕು. ಹಳದಣಕರರ ಚಿತ್ರ ನೋಡಿದವರಲ್ಲಿ ಅನೇಕರು ಅದನ್ನು ತೈಲವರ್ಣವೆಂದು ಭ್ರಮಿಸುವರೆಂದರೆ ಅವರು ಕಾದ ಬಗೆ ಎಂತಹುದಿರಬೇಕು! ಹೊಗಳಿಕೆಯಾಗಬೇಕಾದ ಆ ಭ್ರಮೆಯೇ ಅವರ ಹೆಸರನ್ನು ನುಂಗಿತು.

ಪ್ರಾಚೀನರೂ ಬೆಳಕುನೆರಳಿನ ವಿಚಾರವನ್ನು ಬಿಟ್ಟವರಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಮಾರ್ಕಂಡೇಯರು ವಜ್ರರಾಜನಿಗೆ ಚಿತ್ರವಿದ್ಯೆಯನ್ನು ಉಪದೇಶಿಸುವಾಗ, ಛಾಯೆಯ ಏರಿಳಿತಕ್ಕೆ ‘ವರ್ತನೆ’ ಎಂಬ ಹೆಸರನ್ನಿಟ್ಟು ಅದರ ಪ್ರಭೇದಗಳನ್ನು ಹೇಳುವರು. ಆಭರಣಕ್ಕೂ ಬಣ್ಣದ ಸಿರಿಗೂ ಮರುಳಾಗುವವರು ಬಹಳ. ರೇಖೆಯನ್ನೂ ವರ್ತನೆಯನ್ನೂ ಗುರುತಿಸುವವರು ತಿಳಿದವರು ಎಂಬುದು ಅಲ್ಲಿಯ ಅಭಿಪ್ರಾಯ. ಈ ಪ್ರಕರಣವನ್ನು ನಾವು ಹಲವು ಸಲ ಓದಿದ್ದೆವು. ವರ್ತನೆಯನ್ನು ಗುರುತಿಸಿದವಳು ಮಾತ್ರ ಅದನ್ನು ಓದದ ಎಂಟನೆಯ ತರಗತಿಯ ಹುಡುಗಿ.

ಇನ್ನು ವಾಚಕರ ಮುಖ್ಯ ಪ್ರಶ್ನೆ: ಅವಳು ಯಾರು, ಯಾರಿಗಾಗಿ ಕಾಯುತ್ತಿರುವಳು?

ವಾಸಕಸಜ್ಜಿಕೆಯೆಂಬ ನಮ್ಮ ಹಳೆಯ ವ್ಯಾಖ್ಯಾನವನ್ನು ಮೇಲೆ ಹೇಳಿದೆವಷ್ಟೆ. ಅದನ್ನು ಒಮ್ಮೆ ನಮ್ಮ ಮನೆಯವರ ಮುಂದೆ ಹೇಳಿದಾಗ ಅವರು ಚಿತ್ರವನ್ನು ದಿಟ್ಟಿಸಿ ನೋಡಿ, “ಯಾರಿಗೂ ಕಾಯುತ್ತಿಲ್ಲ. ಗಾಳಿ ಬೀಸುತ್ತಿದೆ, ದೀಪ ಆರದ ಹಾಗೆ ಕೈ ಅಡ್ಡ ಹಿಡಿದಿದ್ದಾಳೆ. ನೀವೂ ಒಂದು ದಿನ ದೀಪ ಹಿಡಿದು ಹಿತ್ತಿಲಿಗೆ ಹೋಗಿದ್ದರೆ ಗೊತ್ತಾಗುತ್ತಿತ್ತು” ಎಂದಿದ್ದರು. ನಾವು ಅದನ್ನು ಅರಸಿಕವಾದ ಮಾತೆಂದು ತಳ್ಳಿಹಾಕಿದ್ದೆವು. ಈಗ ತೋರುವುದೇನೆಂದರೆ, ಚಿತ್ರದಲ್ಲಿ ಇರುವುದನ್ನು ಹೇಳಿದವರು ಅವರು. ಇಲ್ಲದುದನ್ನು ಹೇಳಿದವರು ನಾವು.

ನಿಜವಾದ ಸಂಗತಿ ಇನ್ನೂ ಸರಳವಾದುದು, ಇನ್ನೂ ಸೊಗಸಾದುದು. ಚಿತ್ರದಲ್ಲಿರುವವರು ಹಳದಣಕರರ ಸ್ವಂತ ಮಗಳು, ಗೀತಾ. ದೀಪಾವಳಿಯ ಸಮಯದಲ್ಲಿ ದೀಪವನ್ನು ಹಿಡಿದಿದ್ದ ಮಗಳನ್ನು ಕಂಡು ತಂದೆಗೆ ಈ ಚಿತ್ರದ ಕಲ್ಪನೆ ಬಂದಿತೆಂದೂ, ಮಗಳು ಗಂಟೆಗಟ್ಟಲೆ ಅಲುಗಾಡದೆ ನಿಂತು ಕೊಟ್ಟಳೆಂದೂ ಆ ಮನೆಯವರು ಹೇಳುತ್ತ ಬಂದಿರುವರು. ನೂರು ವರ್ಷವನ್ನು ದಾಟಿ ಬಾಳಿದ ಆ ತಾಯಿ 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು. ರವಿವರ್ಮರು ಕಾಲವಾದುದು 1906ರಲ್ಲಿ. ಎಂದರೆ, ಚಿತ್ರದಲ್ಲಿರುವ ಮುಖ ಈ ಲೋಕಕ್ಕೆ ಬರುವ ಮೊದಲೇ ರವಿವರ್ಮರು ಲೋಕವನ್ನು ಬಿಟ್ಟಿದ್ದರು! ಒಂದು ಇಸವಿಯನ್ನು ಕೂಡಿ ಕಳೆದು ನೋಡಿದ್ದರೆ ಸಾಕಾಗಿತ್ತು. ನಾವು ಅದನ್ನೂ ಮಾಡಲಿಲ್ಲ.

ಹಾಗಾದರೆ ರಹಸ್ಯ ಮುಗಿಯಿತೆ? ಹೆಸರು ತಿಳಿದೊಡನೆ ಚಿತ್ರ ಬರಿದಾಯಿತೆ? ನಮಗಂತೂ ಹಾಗೆ ಆಗಲಿಲ್ಲ. ಹಿಂದೆ ನಾವು ಅವಳ ಮುಖದಲ್ಲಿ ಪತಿಯ ನಿರೀಕ್ಷೆಯನ್ನು ಓದುತ್ತಿದ್ದೆವು. ಈಗ ಅಲ್ಲಿ ಕಾಣುವುದು ಬೇರೆ. ತಂದೆ ಎದುರಿಗೆ ಕಾಗದ ಹಿಡಿದು ಕುಳಿತಿರುವನು. ಮಗಳ ತೋಳು ನೋಯುತ್ತಿದೆ, ದೀಪದ ಕಾವು ಅಂಗೈಗೆ ತಗಲುತ್ತಿದೆ. ಅಪ್ಪನ ಕೆಲಸ ಕೆಡಬಾರದೆಂದು ನಿಂತಿರುವಳು. ಆ ಮುಖದ ಶಾಂತಿಯಲ್ಲಿ ಸ್ವಲ್ಪ ದಣಿವಿದೆಯೆ? ಸ್ವಲ್ಪ ಹೆಮ್ಮೆಯಿದೆಯೆ? ಎಷ್ಟು ನೋಡಿದರೂ ಇತ್ಯರ್ಥವಾಗದು. ತಂದೆಯಾದವನು ಮಗಳ ಮನಸ್ಸನ್ನು ಎಷ್ಟು ಬಲ್ಲನೋ ಅಷ್ಟನ್ನೇ ಅವನು ಬರೆದಿರುವನು. ಬಲ್ಲದ ಕಡೆ ಕಾಗದವನ್ನು ಬಿಟ್ಟಂತೆ ಬಿಟ್ಟಿರುವನು.

ಆ ಬೆರಳುಗಳನ್ನು ಗಮನಿಸಿ. ದೀಪದ ಕುಡಿ ನಮಗೆ ಕಾಣದು. ಕೈ ಅದನ್ನು ಮರೆಮಾಡಿದೆ. ಕಾಣುವುದು ಬೆರಳಂಚಿನ ಕೆಂಪು. ವಾಚಕರು ಇದನ್ನು ತಮ್ಮ ಮನೆಯಲ್ಲಿಯೇ ಪರೀಕ್ಷಿಸಬಹುದು. ಕರೆಂಟು ಹೋದ ಸಂಜೆ ದೀಪದ ಮುಂದೆ, ಸುಡದಷ್ಟು ದೂರದಲ್ಲಿ, ಬೆರಳುಗಳನ್ನು ಜೋಡಿಸಿ ಹಿಡಿಯಿರಿ. ಬೆರಳುಗಳ ನಡುವೆ ದಾಸವಾಳದ ಎಸಳಿನಂತಹ ಕೆಂಪು ಹೊರಡುವುದು. ಬೆಳಕಿನಲ್ಲಿರುವ ನೀಲಿಯನ್ನೂ ಹಸುರನ್ನೂ ನಮ್ಮ ರಕ್ತ ಹೀರಿಕೊಂಡು ಕೆಂಪನ್ನು ಮಾತ್ರ ಹೆಚ್ಚಾಗಿ ಬಿಟ್ಟುಕೊಡುವುದೇ ಇದಕ್ಕೆ ಕಾರಣ. ನಾವು ಇದನ್ನು ಮಾಡಿ ನೋಡಿದಾಗ ನಮ್ಮ ಮೊಮ್ಮಗಳು, “ತಾತ, ನಿಮ್ಮ ಕೈ ಒಳಗೂ ದೀಪ ಹತ್ತಿದೆ” ಎಂದಳು. ಚಿತ್ರಕಾರರು ಕಂಡುದೂ ಅದನ್ನೇ. ಜೀವವಿರುವ ಕೈಯ ಮೂಲಕ ಬಂದ ಬೆಳಕು ಬರಿಯ ಬೆಳಕಲ್ಲ.

ಆನಂದವರ್ಧನರು ಧ್ವನಿಯನ್ನು ವಿವರಿಸುವಾಗ ಘಟಪ್ರದೀಪ ನ್ಯಾಯವನ್ನು ಹೇಳುವರು. ದೀಪವು ಮಡಕೆಯನ್ನು ತೋರಿಸುವಾಗ ತಾನೂ ತೋರುತ್ತಲೇ ಇರುವುದು. ಹಾಗೆಯೇ ಕಾವ್ಯದ ಮಾತು ಒಳಗಿನ ಅರ್ಥವನ್ನು ಬೆಳಗಿಸುವಾಗ ತಾನು ಮರೆಯಾಗುವುದಿಲ್ಲ. ನಮ್ಮ ಚಿತ್ರದಲ್ಲಿ ಈ ನ್ಯಾಯ ತಲೆಕೆಳಗಾಗಿದೆ. ಇಲ್ಲಿ ದೀಪ ತಾನು ಅಡಗಿದೆ. ಅದು ಬೆಳಗಿದ ಮುಖವೂ ಕೈಯೂ ‘ದೀಪವಿದೆ’ ಎಂದು ಸಾರುತ್ತಿವೆ. ಚಿತ್ರಕಾರರ ಗತಿಯೂ ಹಾಗೆಯೇ ಆಯಿತು. ಹಚ್ಚಿದವರು ಮರೆಯಲ್ಲಿ ಉಳಿದರು; ಬೆಳಕನ್ನು ಮಾತ್ರ ನಾಡೆಲ್ಲ ಕಂಡಿತು.

ಇನ್ನೊಂದು ಮಾತು. ಈ ಚಿತ್ರವನ್ನು ನಾವು ಕಂಡಾಗಲೆಲ್ಲ ಕೋಣೆ ಮಬ್ಬಾಗಿರುತ್ತಿತ್ತು. ಬೆಳಕಿನ ಮೋಡಿ ಹೆಚ್ಚಾಗಿ ಕಾಣಲೆಂದು ಹೀಗೆ ಮಾಡಿರುವರೆಂದು ಜನರು ಹೇಳುವುದುಂಟು. ಕತ್ತಲಲ್ಲಿ ಮೋಡಿ ಹೆಚ್ಚುವುದು ನಿಜವೇ. ಆದರೆ ಜಲವರ್ಣಕ್ಕೆ ಮಬ್ಬು ಬೇಕಾದುದು ಮೋಡಿಗಿಂತ ಪ್ರಾಣಕ್ಕೆ. ತೆಳ್ಳಗಿನ ಬಣ್ಣ ಬಿಸಿಲಿಗೆ ಬೇಗ ಬಾಡುವುದು; ಕಾಗದ ಹಳದಿಗೆ ತಿರುಗುವುದು. ಬೆಳಕಿನಿಂದಾದ ಹಾನಿ ದಿನದಿನವೂ ಕೂಡುತ್ತ ಹೋಗುವುದಲ್ಲದೆ ಕಳೆಯುವುದಿಲ್ಲ. ಆದ್ದರಿಂದ ಕಾಗದದ ಮೇಲಿನ ಚಿತ್ರಗಳಿಗೆ ಸುಮಾರು 50 ಲಕ್ಸ್ ಬೆಳಕು ಸಾಕೆಂದು ವಸ್ತುಸಂಗ್ರಹಾಲಯಗಳವರು ಎಣಿಕೆ ಹಾಕುವರು. ಬರೆಯುವ ಮೇಜಿಗೆ ಬೇಕೆನ್ನುವ ಬೆಳಕು ಇದರ ಹತ್ತರಷ್ಟು. ದೀಪವನ್ನು ಬರೆದ ಚಿತ್ರವನ್ನೇ ದೀಪದಿಂದ ಕಾಪಾಡಬೇಕಾಗಿರುವುದು ವಿಚಿತ್ರವಲ್ಲವೆ? ಆ ಹುಡುಗಿ ಗಾಳಿಗೆ ಕೈ ಅಡ್ಡ ಹಿಡಿದಿರುವಳು. ಅವಳಿಗೆ ನಾವು ಬೆಳಕಿಗೆ ಕೈ ಅಡ್ಡ ಹಿಡಿಯಬೇಕು. ಮನೆಗಳಲ್ಲಿ ಹಿರಿಯರ ಹಳೆಯ ಭಾವಚಿತ್ರಗಳನ್ನೂ ಮಕ್ಕಳು ಬರೆದ ನೀರುಬಣ್ಣದ ಚಿತ್ರಗಳನ್ನೂ ಕಿಟಕಿಯ ಬಿಸಿಲು ಬೀಳುವ ಗೋಡೆಗೆ ತೂಗುಹಾಕುವವರು ಈ ಮಾತನ್ನು ನೆನಪಿಡುವುದೊಳ್ಳೆಯದು. ಇಂದೇ ಅವನ್ನು ಎದುರು ಗೋಡೆಗೆ ಸಾಗಿಸಿ.

ದಾವಣಗೆರೆಯ ವಾಚಕರಿಗೆ ನಮ್ಮ ಉತ್ತರ ಇಷ್ಟು. ತಮ್ಮ ಮನೆಯ ಚಿತ್ರ ರವಿವರ್ಮರದಲ್ಲ. ಅದಕ್ಕೆ ಪುರಾಣದ ಆಧಾರವಿಲ್ಲ. ಒಬ್ಬ ತಂದೆ, ಒಬ್ಬ ಮಗಳು, ಒಂದು ಹಬ್ಬ, ಇವೇ ಆಧಾರ. ದಯವಿಟ್ಟು ಪ್ರತಿಯನ್ನು ಗೋಡೆಯಿಂದ ಇಳಿಸಿ, ಅದರ ಬೆನ್ನಿನ ಮೇಲೆ ‘ಸಾವಳಾರಾಮ ಲಕ್ಷ್ಮಣ ಹಳದಣಕರರು ಬರೆದ ಜಲವರ್ಣ, ಚಿತ್ರದಲ್ಲಿರುವವರು ಅವರ ಮಗಳು ಗೀತಾ’ ಎಂದು ಬರೆದಿಡಿ. ಮುಂದೆ ಮನೆಯ ಮಕ್ಕಳು ಕೇಳಿದಾಗ ತಪ್ಪು ಹೇಳುವ ಪ್ರಸಂಗ ಬಾರದು. ನಮ್ಮ ಪ್ರತಿಯ ಬೆನ್ನಿನ ಮೇಲೆ ನಾವೂ ಹಾಗೆಯೇ ಬರೆದಿದ್ದೇವೆ.

ಕಡೆಯದಾಗಿ, 1996ರಲ್ಲಿ ನಮ್ಮೊಡನೆ ಮೈಸೂರಿಗೆ ಬಂದಿದ್ದ ಆ ಹುಡುಗಿಗೆ ಒಂದು ಮಾತು. ಅವಳು ಈಗ ಗೃಹಿಣಿಯಾಗಿರಬಹುದು, ಎಲ್ಲಿಯಾದರೂ ಉದ್ಯೋಗದಲ್ಲಿರಬಹುದು. ಚಿತ್ರ ಬರೆಯುವುದನ್ನು ಬಿಟ್ಟಿರಲೂಬಹುದು. ಬಿಟ್ಟಿದ್ದರೆ ಅದರಲ್ಲಿ ನಮ್ಮ ಪಾಲೆಷ್ಟು ಎಂಬ ಯೋಚನೆ ರಾತ್ರಿ ಕೆಲವೊಮ್ಮೆ ನಮ್ಮನ್ನು ಎಬ್ಬಿಸುವುದು. ಬೆಳಕಿರುವ ಕಡೆ ಕೈ ಇಡಬಾರದೆಂದು ಡ್ರಾಯಿಂಗ್ ಮೇಷ್ಟ್ರು ಅರ್ಧ ಗಂಟೆಯಲ್ಲಿ ಕಲಿಸಿದರು. ನಮಗೆ ಅದು ನಿವೃತ್ತಿಯಾದ ಮೇಲೆ ತಿಳಿಯಿತು. ಅಷ್ಟರಲ್ಲಿ ಎಷ್ಟು ಕಾಗದಗಳ ಮೇಲೆ ನಮ್ಮ ಕಪ್ಪು ಸಿಡಿದಿದೆಯೋ ದೇವರೇ ಬಲ್ಲ. ಈ ಪತ್ರಿಕೆ ಅವಳ ಮನೆಗೆ ಬರುತ್ತಿದ್ದರೆ ಅವಳು ಓದಲಿ: ಅಮ್ಮಾ, ಅಂದು ನೀನು ಹೇಳಿದುದು ಸರಿ. ಅದು ನೀರುಬಣ್ಣವೇ. ತಪ್ಪಿದವರು ನಿನ್ನ ಮೇಷ್ಟ್ರು.